ಕಣ್ಣಿಗೆ ಕಂಡದ್ದನ್ನು ಕೈಗೆ ಮುಟ್ಟಿಸುವ ಜಾಣ ವಸ್ತುಗಳು

ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡರೆ ಎದುರಿನ ಮೇಜಿನ ಮೇಲೆ ಒಂದು ಲೋಟ ಕಾಣುತ್ತದೆ. ಹಿಡಿಯಲು ಕೈ ಚಾಚಿದರೆ ಸಿಗುವುದು ಬರೀ ಗಾಳಿ. ಕಂಪ್ಯೂಟರ್ ಕಣ್ಣು, ಕಿವಿಗಳನ್ನು ನಂಬಿಸಲು ಕಲಿತಿದೆ, ಚರ್ಮವನ್ನು ನಂಬಿಸುವುದು ಇನ್ನೂ ಕಷ್ಟ. ಆಟಕ್ಕೆ ಇದು ದೊಡ್ಡ ಕೊರತೆಯಲ್ಲ. ಆದರೆ ಇದೇ ಕನ್ನಡಕದಲ್ಲಿ ಶಸ್ತ್ರಚಿಕಿತ್ಸೆ ಕಲಿಯುವ ವೈದ್ಯ ವಿದ್ಯಾರ್ಥಿಗೆ ಸೂಜಿ ಚರ್ಮ ದಾಟಿದ್ದು ಬೆರಳಿಗೆ ತಿಳಿಯಲೇಬೇಕು. ಈ ಕೊರತೆ ನೀಗಿಸುವ ವಿದ್ಯೆಗೆ 'ಹ್ಯಾಪ್ಟಿಕ್ಸ್' ಎಂದು ಹೆಸರು. ಮುಟ್ಟುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರಿದು.

ಚರ್ಮಕ್ಕೆ ತಿಳಿಯುವುದು ಹೇಗೆ?

ಅಂಗೈ ಚರ್ಮದಲ್ಲಿ ಸ್ಪರ್ಶ ಗ್ರಹಿಸುವ ನರತುದಿಗಳು ಮುಖ್ಯವಾಗಿ ನಾಲ್ಕು ಬಗೆ. ಮೆರ್ಕೆಲ್ ತುದಿಗಳು ಒತ್ತಡ ಮತ್ತು ಅಂಚನ್ನು ಗುರುತಿಸುತ್ತವೆ. ಮೈಸ್ನರ್ ತುದಿಗಳಿಗೆ ವಸ್ತು ಜಾರುವುದು ತಿಳಿಯುತ್ತದೆ. ರಫಿನಿ ತುದಿಗಳು ಚರ್ಮದ ಎಳೆತಕ್ಕೆ, ಪ್ಯಾಸಿನಿ ತುದಿಗಳು ವೇಗದ ಕಂಪನಕ್ಕೆ ಸ್ಪಂದಿಸುತ್ತವೆ. ಬೆರಳ ತುದಿಯಲ್ಲಿ ಸುಮಾರು 2 ಮಿ.ಮೀ. ಅಂತರದ ಎರಡು ಚುಕ್ಕೆಗಳನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು, ಬೆನ್ನಿನ ಮೇಲೆ ಅದಕ್ಕೆ ಸುಮಾರು 4 ಸೆಂ.ಮೀ. ಅಂತರ ಬೇಕು. ಮುಟ್ಟುವಿಕೆ ಮತ್ತು ಬಿಸಿ-ತಂಪನ್ನು ದೇಹ ಅರಿಯುವ ಬಗೆ ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಸಂದಿತು.

ಮೊಬೈಲ್ ಗುಂಯ್‌ಗುಡುವುದು ಪುಟ್ಟ ಮೋಟಾರಿನಿಂದ. ಅದು ಇಡೀ ಅಂಗೈಯನ್ನು ನಡುಗಿಸಬಲ್ಲದೇ ಹೊರತು ರೇಷ್ಮೆಗೂ ಗೋಣಿತಟ್ಟಿಗೂ ಇರುವ ವ್ಯತ್ಯಾಸ ಹೇಳಲಾರದು. ಬೆರಳಿಗೊಂದರಂತೆ ದೊಡ್ಡ ಮೋಟಾರು ಕಟ್ಟಿದರೆ ಭಾರವಾಗುತ್ತದೆ. ಆದ್ದರಿಂದ ವಿದ್ಯುತ್ತು, ಶಾಖ ಅಥವಾ ಅಯಸ್ಕಾಂತ ತಾಗಿದಾಗ ತಾವೇ ಆಕಾರ ಅಥವಾ ಗಟ್ಟಿತನ ಬದಲಿಸುವ 'ಜಾಣ ವಸ್ತು'ಗಳತ್ತ ವಿಜ್ಞಾನಿಗಳು ಹೊರಳಿದ್ದಾರೆ.

ಮುಖ್ಯ ಜಾಣ ವಸ್ತುಗಳು

* ಪೀಜೋ ವಸ್ತು : ಒತ್ತಿದರೆ ವಿದ್ಯುತ್ತು ಕೊಡುತ್ತದೆ, ವಿದ್ಯುತ್ತು ಕೊಟ್ಟರೆ ಹಿಗ್ಗಿ ಕುಗ್ಗುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿ ಇದರದೇ ಕೆಲಸ. 1880ರಲ್ಲಿ ಫ್ರಾನ್ಸಿನ ಪಿಯರಿ ಮತ್ತು ಜಾಕ್ ಕ್ಯೂರಿ ಸೋದರರು ಇದನ್ನು ಕಂಡುಹಿಡಿದರು. 1969ರಲ್ಲಿ ಜಪಾನಿನ ಕವಾಯ್ ಇದೇ ಗುಣವನ್ನು ಪಿವಿಡಿಎಫ್ ಎಂಬ ಪ್ಲಾಸ್ಟಿಕ್‌ನಲ್ಲಿ ತೋರಿಸಿದ್ದರಿಂದ ಬಾಗುವ ತೆಳು ಹಾಳೆಗಳೂ ಸಾಧ್ಯವಾದವು. ವೇಗ ಬಹಳ, ಚಲನೆ ಅತಿ ಸಣ್ಣದು.

* ಆಕಾರ ನೆನಪಿಡುವ ಲೋಹ : ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ತಂತಿಯನ್ನು ಬಗ್ಗಿಸಿ ಬಿಸಿ ಮಾಡಿದರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಎಳೆದು ಹಿಡಿಯುವ ಬಲ ಚೆನ್ನಾಗಿದೆ. ಆದರೆ ತಣಿಯಲು ಸಮಯ ಬೇಕು, ಚರ್ಮಕ್ಕೆ ಬಿಸಿ ತಾಗದಂತೆ ಎಚ್ಚರವೂ ಬೇಕು.

* ಹಿಗ್ಗುವ ರಬ್ಬರು : ರಬ್ಬರು ಹಾಳೆಯ ಎರಡೂ ಬದಿಗೆ ವಿದ್ಯುತ್ ಲೇಪನ ಕೊಟ್ಟರೆ, ವೋಲ್ಟೇಜು ಏರಿದಂತೆ ಹಾಳೆ ತೆಳುವಾಗಿ ಅಗಲವಾಗುತ್ತದೆ. ಶೇ. 100ಕ್ಕೂ ಹೆಚ್ಚು ಹಿಗ್ಗುವುದನ್ನು ಅಮೆರಿಕದ ಸಂಶೋಧಕರು 2000ದಲ್ಲಿ ತೋರಿಸಿದರು. ಕರೆಂಟು ಅತ್ಯಲ್ಪ ಸಾಕು, ಆದರೆ ಸಾಮಾನ್ಯವಾಗಿ ಸಾವಿರಾರು ವೋಲ್ಟ್ ಬೇಕು.

* ಗಟ್ಟಿಯಾಗುವ ದ್ರವ : ಎಣ್ಣೆಯಲ್ಲಿ ಕಬ್ಬಿಣದ ನುಣುಪು ಪುಡಿ ಬೆರೆಸಿ ಅಯಸ್ಕಾಂತ ಹಿಡಿದರೆ ಕಣಗಳು ಸಾಲುಗಟ್ಟಿ ದ್ರವ ಕ್ಷಣದಲ್ಲಿ ಮಂದವಾಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಜೇಕಬ್ ರಾಬಿನೋವ್ ಇದನ್ನು ರೂಪಿಸಿದರು. ಇದು ತಡೆಯಬಲ್ಲದು, ತಾನಾಗಿ ತಳ್ಳಲಾರದು.

* ವಿದ್ಯುತ್ ಬ್ರೇಕು : 2018ರಲ್ಲಿ ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ಮತ್ತು ಇಟಿಎಚ್ ಜ್ಯೂರಿಕ್ ಸಂಸ್ಥೆಗಳು ಬೆರಳಿಗೆ 8 ಗ್ರಾಂಗಿಂತ ಹಗುರಾದ ಗ್ಲೌಸನ್ನು ತೋರಿಸಿದವು. ಬೆರಳಿನುದ್ದಕ್ಕೂ ಇರುವ ತೆಳು ಲೋಹಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ. ಕೈ ಕಲ್ಪಿತ ಲೋಟಕ್ಕೆ ತಾಗಿದೊಡನೆ ಸುಮಾರು 200 ವೋಲ್ಟ್ ಕೊಡಲಾಗಿ ಪಟ್ಟಿಗಳು ಅಂಟಿಕೊಳ್ಳುತ್ತವೆ, ಬೆರಳು ಅಲ್ಲೇ ನಿಲ್ಲುತ್ತದೆ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಚೆನ್ನೈನ ಐಐಟಿ ಮದ್ರಾಸ್ ಸಂಶೋಧಕರು ರೂಪಿಸಿದ 'ಐಟ್ಯಾಡ್' ಪರದೆಯಲ್ಲಿ ಗಾಜು ನುಣುಪಾಗಿಯೇ ಇರುತ್ತದೆ. ವಿದ್ಯುತ್ತಿನಿಂದ ಬೆರಳಿನ ಘರ್ಷಣೆ ಬದಲಿಸಿ ಒರಟು, ನಯ ಮತ್ತು ಅಂಚಿನ ಅನುಭವ ಕೊಡಲಾಗುತ್ತದೆ.

ಉಳಿದಿರುವ ತೊಡಕು

ಎಲ್ಲ ಕೆಲಸವನ್ನೂ ಮಾಡುವ ಒಂದೇ ವಸ್ತು ಇಲ್ಲ. ಒಂದರಲ್ಲಿ ವೇಗವಿದ್ದರೆ ಚಲನೆ ಸಣ್ಣದು, ಇನ್ನೊಂದರಲ್ಲಿ ಬಲವಿದ್ದರೆ ವೇಗ ಕಡಿಮೆ. ಚಿತ್ರಕ್ಕೆ ಸೆಕೆಂಡಿಗೆ 90 ಬಾರಿ ಬದಲಾದರೆ ಸಾಕು, ಗಟ್ಟಿ ವಸ್ತು ಮುಟ್ಟಿದಂತೆ ಅನಿಸಲು ಸುಮಾರು 1000 ಬಾರಿ ಲೆಕ್ಕ ಹಾಕಬೇಕು. ಕೈಗೆ ಮಾತ್ರ ತೊಡುವ ಗ್ಲೌಸು ಬೆರಳನ್ನು ತಡೆದೀತು, ತುಂಬಿದ ಲೋಟದ ಭಾರವನ್ನು ತೋಳಿಗೆ ಕೊಡಲಾರದು.

ಕಲಿಕೆಯ ಮಾತು ಬಂದಾಗ ಇನ್ನೂ ಎಚ್ಚರ ಬೇಕು. ಸ್ಪರ್ಶವೇ ಇಲ್ಲದಿದ್ದರೆ ಕೊರತೆ ಇದೆಯೆಂದು ವಿದ್ಯಾರ್ಥಿಗೆ ಗೊತ್ತಿರುತ್ತದೆ. ತಪ್ಪು ಸ್ಪರ್ಶ ಕೊಟ್ಟರೆ ಕೈ ತಪ್ಪು ಬಲವನ್ನೇ ರೂಢಿ ಮಾಡಿಕೊಳ್ಳುತ್ತದೆ, ನಾಳೆ ಆ ಕೈ ಮುಟ್ಟುವುದು ನಿಜವಾದ ರೋಗಿಯನ್ನು. ಆದ್ದರಿಂದ ಇಂತಹ ಸಾಧನವನ್ನು ಅಳೆಯುವಾಗ ಅದು ಎಷ್ಟು ಬೆರಗು ಹುಟ್ಟಿಸಿತು ಎಂಬುದಕ್ಕಿಂತ, ಅದರಲ್ಲಿ ಪಳಗಿದ ಕೈ ನಿಜವಾದ ಕೆಲಸದಲ್ಲಿ ಎಷ್ಟು ಸರಿಯಾಗಿ ನಡೆಯಿತು ಎಂಬುದನ್ನೇ ನೋಡಬೇಕು.