ಅಡಿಗೆಮನೆಯ ಡೇಗೆ

ಹಕ್ಕಿಗಳಲ್ಲಿಯೂ ಮೇಲುಕೀಳುಗಳುಂಟು, ಅವನ್ನು ಕಲ್ಪಿಸಿದವನು ಮನುಷ್ಯ. ಗರುಡನಿಗೆ ದೇವಾಲಯದ ಕಂಬ ದೊರೆಯಿತು. ಬಾಜ್ ಎಂಬ ದೊಡ್ಡ ಡೇಗೆಗೆ ಬಾದಶಹರ ಮುಂಗೈ ದೊರೆಯಿತು. ಪಾರಿವಾಳದಷ್ಟೇ ಗಾತ್ರದ ಶಿಕ್ರಾ ಎಂಬ ಡೇಗೆಯ ಪಾಲಿಗೆ ಬಂದದ್ದು ಅಡಿಗೆಮನೆ. ಬೇಟೆಯ ಹಕ್ಕಿಗಳನ್ನು ಸಾಕುತ್ತಿದ್ದವರು ಅದನ್ನು ಲಾವಕ್ಕಿ, ಗೌಜಲಕ್ಕಿಗಳ ಮೇಲೆ ಬಿಡುತ್ತಿದ್ದರು. ಅದು ಹಿಡಿದು ತಂದ ಮಾಂಸದಿಂದ ಬೆಲೆಬಾಳುವ ಹಕ್ಕಿಗಳ ಹೊಟ್ಟೆ ತುಂಬುತ್ತಿತ್ತು.

ನಮ್ಮ ಪಕ್ಷಿಗ್ರಂಥಗಳಲ್ಲಿ ಇದಕ್ಕೆ ಬಿಜ್ಜು ಎಂಬ ಹೆಸರೂ ಉಂಟು. ಉದ್ದ 26ರಿಂದ 30 ಸೆಂಟಿಮೀಟರು. ಬೂದುಬಣ್ಣದ ಬೆನ್ನು, ಎದೆಯ ಮೇಲೆ ಕಂದುಗೆಂಪಿನ ಅಡ್ಡಗೆರೆಗಳು, ಬಿಳಿಯ ಗಂಟಲಿನ ನಡುವೆ ಮಾಸಲಾದ ಒಂದು ಗೀಟು. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಹಳದಿ. ಹೆಣ್ಣೇ ದೊಡ್ಡದು. ಹದ್ದಿನಂತೆ ಮುಗಿಲಲ್ಲಿ ಸುತ್ತುತ್ತ ಬೇಟೆಯನ್ನು ಅರಸುವುದು ಇದರ ಪದ್ಧತಿಯಲ್ಲ. ಎಲೆಗಳ ಮರೆಯಲ್ಲಿ ಕುಳಿತು, ಓತಿಕ್ಯಾತವೋ ಅಳಿಲೋ ಮೈಮರೆತ ಗಳಿಗೆಯಲ್ಲಿ ಬಾಣದಂತೆ ಎರಗುತ್ತದೆ. ಮೋಟಾದ ದುಂಡು ರೆಕ್ಕೆ, ನೀಳವಾದ ಬಾಲ ಎರಡೂ ಕೊಂಬೆಗಳ ನಡುವಿನ ಈ ಕ್ಷಣದ ಓಟಕ್ಕೆಂದೇ ಆದವು.

ಬೇಟೆಗಾರರು ಈ ಸ್ವಭಾವವನ್ನು ಚೆನ್ನಾಗಿ ಅರಿತಿದ್ದರು. ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಈಟಿಯನ್ನು ಎಸೆಯುವಂತೆ ಗುರಿಯತ್ತ ಎಸೆಯುತ್ತಿದ್ದರು. ಮೊದಲ ರಭಸ ಮನುಷ್ಯನದು, ಉಳಿದದ್ದು ಹಕ್ಕಿಯದು. ಬಹುಬೇಗ ಪಳಗುವ ಈ ಪುಟ್ಟ ಹಕ್ಕಿ, ತನಗಿಂತ ದೊಡ್ಡದಾದ ಕಾಗೆಯನ್ನೂ ಹಿಡಿಯುತ್ತಿತ್ತು.

ಈ ವಿದ್ಯೆಯ ಒಂದು ಪ್ರಾಚೀನ ದಾಖಲೆ ನಮ್ಮ ನೆಲದ್ದೇ ಎಂಬುದನ್ನು ನಾವು ಮರೆತಂತಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದವೆಂಬ ಪ್ರಕರಣವೇ ಇದೆ. ಮುಂದೆ ಕುಮಾಯೂನಿನ ರುದ್ರದೇವ ಇದಕ್ಕೇ ಮೀಸಲಾದ ‘ಶ್ಯೈನಿಕ ಶಾಸ್ತ್ರ’ವನ್ನು ಬರೆದ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲಿ ಬೇಟೆಹಕ್ಕಿಗಳ ಬೆಲೆಪಟ್ಟಿಯೇ ಉಂಟು: ಬಾಜಿಗೆ ಮೊಹರುಗಳ ಲೆಕ್ಕ, ಶಿಕ್ರಾಗೆ ರೂಪಾಯಿಯ ಲೆಕ್ಕ. ಬರೆದವರು ಅರಸರು, ಆಸ್ಥಾನಿಕರು. ಹಕ್ಕಿಯನ್ನು ಬಲೆಗೆ ಕೆಡಹಿ, ರಾತ್ರಿಯೆಲ್ಲ ಕೈಮೇಲೆ ಕೂರಿಸಿಕೊಂಡು ಪಳಗಿಸಿದವರ ಹೆಸರು ಯಾವ ಗ್ರಂಥಕ್ಕೆ ಬೇಕಾಗಿತ್ತು?

ಯುರೋಪಿನ ವಿಜ್ಞಾನ ಇದನ್ನು ಕಂಡುಕೊಂಡದ್ದು ಚಿತ್ರದ ಮೂಲಕ. ಪೀಟರ್ ಬ್ರೌನ್ 1776ರಲ್ಲಿ ಪ್ರಕಟಿಸಿದ ಸಿಂಹಳದ ‘ಕಂದು ಡೇಗೆ’ಯನ್ನು ಆಧರಿಸಿ ಜರ್ಮನಿಯ ಗ್ಮೆಲಿನ್ 1788ರಲ್ಲಿ ಫಾಲ್ಕೊ ಬ್ಯಾಡಿಯಸ್ ಎಂದು ನಾಮಕರಣ ಮಾಡಿದ. ಬಹುಕಾಲ ಆಕ್ಸಿಪಿಟರ್ ಕುಲದಲ್ಲಿದ್ದ ಹಕ್ಕಿಯನ್ನು ಪಕ್ಷಿತಜ್ಞರು ಇತ್ತೀಚೆಗೆ, 2024ರಲ್ಲಿ, ಟಾಕಿಸ್ಪೈಜಾ ಕುಲಕ್ಕೆ ವರ್ಗಾಯಿಸಿದ್ದಾರೆ. ಹಿಂದುಸ್ತಾನಿಯ ಬೇಟೆಗಾರರಿಗಾದರೋ ಹೆಣ್ಣಿಗೆ ಶಿಕ್ರಾ, ಗಂಡಿಗೆ ಚಿಪಕ್ ಎಂದು ಬೇರೆ ಬೇರೆ ಹೆಸರುಗಳೇ ಇದ್ದವು. ಕೈಯಲ್ಲಿ ಹಿಡಿದವರ ಅರಿವು ಅದು.

ಆ ವಿದ್ಯೆ ಅಳಿಯಿತೆಂದು ನಾನು ಮರುಗಲಾರೆ. ಹೊಸದಾಗಿ ಹಿಡಿದ ಹಕ್ಕಿಯ ರೆಪ್ಪೆಗಳನ್ನು ದಾರದಿಂದ ಹೊಲಿದು ಕತ್ತಲಲ್ಲಿಡುವ ಕ್ರೂರ ಪದ್ಧತಿಯೂ ಅದರಲ್ಲಿ ಸೇರಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಡೇಗೆಗಳನ್ನು ಹಿಡಿಯುವುದನ್ನು ನಿಷೇಧಿಸಿದ್ದು ನ್ಯಾಯವೇ. ಆದರೆ ಬೇಟೆಗಾರನೊಡನೆ ಅವನ ನೋಟವೂ ಹೋಯಿತು. ಹೆಣ್ಣು ಗಂಡುಗಳನ್ನು ದೂರದಿಂದಲೇ ವಿಂಗಡಿಸುತ್ತಿದ್ದ ಕಣ್ಣುಗಳಿದ್ದ ನಾಡಿನಲ್ಲಿ ಇಂದು ಬೀದಿಯ ಮರದಲ್ಲೇ ಗೂಡು ಕಟ್ಟಿದ ಶಿಕ್ರಾವನ್ನು ಯಾವುದೋ ಹದ್ದಿನ ಮರಿಯೆಂದು ಹೇಳಿ ದಾಟಿಹೋಗುತ್ತೇವೆ. ಅಂತಸ್ತಿನ ಮಾತಿಗೆ ಬಂದರೆ, ಮುಂಬಯಿಯ ಕೊಲಾಬಾದಲ್ಲಿರುವ ನೌಕಾಪಡೆಯ ಹೆಲಿಕಾಪ್ಟರ್ ನೆಲೆಗೆ 2009ರಲ್ಲಿ ‘ಶಿಕ್ರಾ’ ಎಂದೇ ಹೆಸರಿಟ್ಟರು. ಅಡಿಗೆಮನೆಯಿಂದ ಅಷ್ಟಾದರೂ ಬಡ್ತಿ!

ಮನುಷ್ಯರು ಮರೆತರೂ ಹಕ್ಕಿಗಳು ಮರೆತಿಲ್ಲ. ಕಾಜಾಣ ಇದರ ಕೂಗನ್ನು ಅನುಕರಿಸುತ್ತದೆ. ಇಂಗ್ಲಿಷರು ‘ಬ್ರೇನ್ ಫೀವರ್’ ಎಂದು ಹೆಸರಿಟ್ಟ ಕೋಗಿಲೆಯ ಬಂಧುವಂತೂ ಮೈಬಣ್ಣ, ಎದೆಯ ಪಟ್ಟೆ, ಹಾರುವ ಠೀವಿ ಎಲ್ಲವನ್ನೂ ಇದರಿಂದ ಕಡ ತಂದಂತಿದೆ. ಅದು ಮೊಟ್ಟೆಯಿಡುವುದು ಹರಟೆಮಲ್ಲಗಳ ಗೂಡಿನಲ್ಲಿ. ಮಾರುವೇಷದ ಆ ಹಕ್ಕಿ ತೋಪಿಗೆ ಬಂದರೂ ಸಾಕು, ಶಿಕ್ರಾವೇ ಬಂತೆಂದು ಹರಟೆಮಲ್ಲಗಳ ಗುಂಪೆಲ್ಲ ಗದ್ದಲವೆಬ್ಬಿಸುತ್ತದೆ.