25ನೇ ನಡೆಯ ನಂತರ: ಬಾರ್ಡಲೆಬೆನ್ ಎದ್ದುಹೋದ ಪ್ರಸಂಗದ ಮರುವಿಚಾರಣೆ

ಸೋತ ಆಟವನ್ನು ಹೇಗೆ ಬಿಟ್ಟುಕೊಡಬಾರದು ಎಂಬುದಕ್ಕೆ ಚದುರಂಗದ ಪುಸ್ತಕಗಳು ಕೊಡುವ ಉದಾಹರಣೆ ಬಹುಮಟ್ಟಿಗೆ ಒಂದೇ: 1895ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಸ್ಟೈನಿಟ್ಸ್ ಎದುರು ಆಡುತ್ತಿದ್ದ ಕುರ್ಟ್ ಫಾನ್ ಬಾರ್ಡಲೆಬೆನ್. 25ನೇ ನಡೆಯಾದ ಮೇಲೆ ಆತ ಮಾತಿಲ್ಲದೆ ಸಭಾಂಗಣದಿಂದ ಹೊರನಡೆದ, ಗಡಿಯಾರ ಓಡುತ್ತಲೇ ಇತ್ತು. ಅಲ್ಲಿಂದೀಚೆಗೆ ಅವನ ಹೆಸರು ಅಸಭ್ಯತೆಗೆ ಪರ್ಯಾಯವಾಗಿದೆ. ಈ ತೀರ್ಪು ಕೊಟ್ಟವರಲ್ಲಿ ಹೆಚ್ಚಿನವರು ಆಟದ ದಾಖಲೆಯನ್ನೇ ಸಾಕ್ಷಿಯಾಗಿ ಓದುವ ಗೋಜಿಗೆ ಹೋಗಿಲ್ಲ.

ಆ ದಾಖಲೆ ಎರಡು ರೂಪಗಳಲ್ಲಿ ಚಲಾವಣೆಯಲ್ಲಿದೆ. ಕೆಲವು ಸಂಕಲನಗಳು 25ನೇ ನಡೆಗೆ ನಿಲ್ಲಿಸಿ ‘ಕಪ್ಪು ಸೋಲೊಪ್ಪಿಕೊಂಡಿತು’ ಎಂದು ಷರಾ ಬರೆಯುತ್ತವೆ. ಇನ್ನು ಕೆಲವು 35ನೇ ನಡೆಯ ಚೆಕ್‌ಮೇಟ್‌ವರೆಗೆ ಎಲ್ಲವನ್ನೂ ಹಲಗೆಯ ಮೇಲೆ ಆಡಿದಂತೆಯೇ ಅಚ್ಚುಹಾಕುತ್ತವೆ. ಎರಡೂ ತಪ್ಪು. ಕೊನೆಯ ಹತ್ತು ನಡೆಗಳು, ಎದುರಾಳಿ ಹೋದ ಮೇಲೆ ಸ್ಟೈನಿಟ್ಸ್ ಸುತ್ತ ನೆರೆದವರಿಗೆ ತೋರಿಸಿದ ವಿಶ್ಲೇಷಣೆ. ಹತ್ತಕ್ಕೆ ಹತ್ತೂ ಚೆಕ್‌ಗಳೇ.

ಬಾರ್ಡಲೆಬೆನ್ ಸೋತ ಆಟವನ್ನು ಸುಮ್ಮನೆ ಎಳೆಯುತ್ತಿದ್ದನೇ? 22ನೇ ನಡೆಯನ್ನು ನೋಡಬೇಕು. ಸ್ಟೈನಿಟ್ಸ್‌ನ ಆನೆ ಇ7 ಮನೆಯ ಕುದುರೆಯನ್ನು ಹೊಡೆದು, ಕಪ್ಪು ರಾಜನ ಪಕ್ಕದಲ್ಲೇ ನಿಂತಿತು. ಮಂತ್ರಿಯಿಂದ ಅದನ್ನು ಹೊಡೆದರೆ ಸಿ8ರ ಆನೆಗೆ ಕಾವಲು ಸಾಲದೆ, ವಿನಿಮಯಗಳ ಕೊನೆಗೆ ಬಿಳಿಯ ಬಳಿ ಒಂದು ಕುದುರೆ ಹೆಚ್ಚಿಗೆ ಉಳಿಯುತ್ತದೆ. ರಾಜನಿಂದ ಹೊಡೆದರೆ ಇನ್ನೊಂದು ಆನೆ ಇ1ಕ್ಕೆ ಬಂದು ದಾಳಿ ಶುರು. ಹಾಗೆಂದು ಸ್ಟೈನಿಟ್ಸ್ ನಿಶ್ಚಿಂತನಾಗಿದ್ದನೆಂದಲ್ಲ. ರಾಜ ಎಫ್8ಕ್ಕೆ ಸರಿದ ಮೇಲೆ ಬಿಳಿಯ ಮಂತ್ರಿ, ಎರಡೂ ಆನೆಗಳು ಎಲ್ಲವೂ ಹೊಡೆತದ ಬಾಯಲ್ಲಿದ್ದವು. ಆಸೆಪಟ್ಟು ಕಪ್ಪು ಮಂತ್ರಿಯನ್ನು ಕಿತ್ತುಕೊಂಡಿದ್ದರೆ ಕಪ್ಪು ಆನೆ ಸಿ1ಕ್ಕೆ ಇಳಿದು, ಸ್ವಂತ ಕಾಲಾಳುಗಳ ಹಿಂದೆ ಸಿಕ್ಕಿಬಿದ್ದ ಬಿಳಿ ರಾಜನಿಗೆ ಮೇಟ್ ಕೊಡುತ್ತಿತ್ತು. ಮಂತ್ರಿಯನ್ನು ಮಂತ್ರಿಯಿಂದ ಹೊಡೆದರೂ ಅಷ್ಟೇ, ಆನೆಯಿಂದ ಹೊಡೆದರೂ ಅಷ್ಟೇ. ಅಂದರೆ ಬಿಳಿ ಒಂದೇ ಒಂದು ಚೆಕ್ ತಪ್ಪಿದರೂ ಗೆಲುವು ಮಗುಚಿಬೀಳುತ್ತಿತ್ತು. ಇಂಥ ಸ್ಥಿತಿಯಲ್ಲಿ ಆಡುತ್ತಾ ಹೋದದ್ದನ್ನು ಹಟಮಾರಿತನ ಎನ್ನುವವರು ಹಲಗೆ ಜೋಡಿಸಿ ನೋಡಿಲ್ಲವೆಂದೇ ಹೇಳಬೇಕಾಗುತ್ತದೆ.

ಆನೆ ಎಫ್7, ಜಿ7 ಎಂದು ರಾಜನನ್ನು ಅಟ್ಟಿಕೊಂಡು ಹೋಗಿ 25ನೇ ನಡೆಯಲ್ಲಿ ಎಚ್7ರ ಕಾಲಾಳನ್ನು ಹೊಡೆಯಿತು. ಇದೇ ನಿರ್ಣಾಯಕ ಸಾಕ್ಷಿ. ಆ ಕಾಲಾಳು ಹೋದದ್ದರಿಂದ ಎಚ್ ಸಾಲು ತೆರೆದುಕೊಂಡಿತು. ಮುಂದಿನ ನಡೆಯಲ್ಲಿ ಆನೆ ಜಿ7ಕ್ಕೆ ಮರಳಿ ಚೆಕ್ ಕೊಟ್ಟರೆ, ಅದರ ಮರುನಡೆಗೆ ಮಂತ್ರಿಗೂ ಎಚ್4ರಿಂದ ಚೆಕ್ ಸಿಗುತ್ತದೆ. ಬಾರ್ಡಲೆಬೆನ್ ಎದ್ದದ್ದು ಆ ಕ್ಷಣಕ್ಕೆ, ಅದಕ್ಕಿಂತ ಮೊದಲಲ್ಲ. ಉಳಿದ ಹತ್ತು ನಡೆಗಳನ್ನು ಆತ ಆಗಲೇ ಕಂಡಿದ್ದ ಎಂದು ಊಹಿಸುವುದು ಅತಿಯಾಗದು.

ಇನ್ನು ಕೆಲವರು ಬಾರ್ಡಲೆಬೆನ್ 1924ರಲ್ಲಿ ಬರ್ಲಿನ್‌ನಲ್ಲಿ ಕಿಟಕಿಯಿಂದ ಬಿದ್ದು ಸತ್ತದ್ದನ್ನು ಎಳೆದು ತಂದು, ಹೇಸ್ಟಿಂಗ್ಸ್‌ನಲ್ಲೇ ಆತನ ಮನಸ್ಸು ಕದಡಿತ್ತು ಎನ್ನುತ್ತಾರೆ. ಇಪ್ಪತ್ತೊಂಬತ್ತು ವರ್ಷ ಹಿಂದಕ್ಕೆ ಓದುವ ಈ ವಿಧಾನ ಕಾದಂಬರಿಕಾರರಿಗೆ ಒಪ್ಪಬಹುದು, ಇತಿಹಾಸಕಾರರಿಗಲ್ಲ. ಹೇಸ್ಟಿಂಗ್ಸ್‌ನ ಪಟ್ಟಿಯಲ್ಲಿ ಆತ 11½ ಅಂಕ ಗಳಿಸಿ ಟೈಕ್‌ಮನ್ ಜೊತೆ ಏಳನೇ ಸ್ಥಾನ ಹಂಚಿಕೊಂಡ. ಆಡಿದವರು 22 ಮಂದಿ.

ಶಿಷ್ಟವಾಗಿ ಸೋಲೊಪ್ಪಿಕೊಳ್ಳುವುದೇ ವಿವೇಕ ಎನ್ನುವವರಿಗೆ ಅದೇ ಹೇಸ್ಟಿಂಗ್ಸ್‌ನಲ್ಲಿ ಆಡಿದ್ದ ಇನ್ನೊಬ್ಬನನ್ನು ನೆನಪಿಸಬೇಕು. ವಿಯೆನ್ನಾದ ಚದುರಂಗ ಪತ್ರಿಕೆಯ ಸಂಪಾದಕ, ವಿಶ್ಲೇಷಣೆಗೆ ಹೆಸರಾದ ಗೆಯಾರ್ಗ್ ಮಾರ್ಕೊ 1902ರಲ್ಲಿ ಮಾಂಟೆ ಕಾರ್ಲೊದಲ್ಲಿ ಫಾನ್ ಪೊಪಿಯೆಲ್ ಎದುರು ಕಟ್ಟಿಹಾಕಲ್ಪಟ್ಟ ತನ್ನ ಒಂಟೆ ಹೋಯಿತೆಂದು ಆಟ ಬಿಟ್ಟುಕೊಟ್ಟ. ಅದೇ ಒಂಟೆಯನ್ನು ಜಿ1ಕ್ಕೆ ಇಟ್ಟಿದ್ದರೆ ಒಂದು ಕಡೆ ಎಚ್2ರಲ್ಲಿ ಮೇಟ್, ಇನ್ನೊಂದು ಕಡೆ ಬಿಳಿಯ ಮಂತ್ರಿಗೆ ಕುತ್ತು. ಮಾರ್ಕೊ ಗೆದ್ದ ಆಟವನ್ನು ಸಭ್ಯತೆಯಿಂದ ಸೋತ.

ಬಾರ್ಡಲೆಬೆನ್ ನಿರ್ದೋಷಿ ಎಂಬುದು ಇಲ್ಲಿನ ವಾದವಲ್ಲ. ಹಿಂದಿನ ವರ್ಷವಷ್ಟೇ ಲಾಸ್ಕರ್‌ಗೆ ವಿಶ್ವ ಪಟ್ಟ ಕಳೆದುಕೊಂಡಿದ್ದ 59ರ ಸ್ಟೈನಿಟ್ಸ್‌ಗೆ ಒಂದು ಕೈಕುಲುಕು ಸಲ್ಲಬೇಕಿತ್ತು, ಅದು ಸಲ್ಲಲಿಲ್ಲ. ಆದರೆ ತಪ್ಪಿರುವುದು ಅಷ್ಟರಲ್ಲಿ ಮಾತ್ರ. ಸೋಲನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲೇಬೇಕೆಂದು ಇಂದಿನ ಫಿಡೆ ನಿಯಮಗಳೂ ಯಾರನ್ನೂ ಕಡ್ಡಾಯ ಮಾಡುವುದಿಲ್ಲ. ಸಮಯ ಮುಗಿದರೂ ಫಲಿತಾಂಶ ಅದೇ. ಸೌಂದರ್ಯದ ಬಹುಮಾನವೂ ಸ್ಟೈನಿಟ್ಸ್‌ಗೇ ಸಂದಿತು.

ಮುಂದೆ ಈ ಆಟವನ್ನು ಅಚ್ಚುಹಾಕುವ ಸಂಪಾದಕರಲ್ಲಿ ಕೇಳಿಕೊಳ್ಳುವುದಿಷ್ಟೇ: ಆಡಿದ 25 ನಡೆಗಳನ್ನು ಆಟವೆಂದೇ ಕೊಡಿ, ಉಳಿದ ಹತ್ತನ್ನು ಸ್ಟೈನಿಟ್ಸ್‌ನ ವಿಶ್ಲೇಷಣೆ ಎಂದು ಬೇರೆ ಅಕ್ಷರದಲ್ಲಿ ಕೊಡಿ, ನಡುವೆ ‘ಕಪ್ಪಿನ ಸಮಯ ಮುಗಿಯಿತು’ ಎಂದು ಬರೆಯಿರಿ.