ಪ್ರೇಕ್ಷಕನ ದಿನವಹಿ: ಸ್ಯಾಮ್ಯುಅಲ್ ಪೀಪ್ಸನ ೧೬೬೧ನೆಯ ವರ್ಷ

ನಾಟಕವು ದೃಶ್ಯಕಾವ್ಯ. ಶ್ರವ್ಯಕಾವ್ಯವು ಓಲೆಯಲ್ಲಿಯೋ ಕಾಗದದಲ್ಲಿಯೋ ನಿಂತು ಕಾಲಾಂತರದ ಓದುಗನಿಗೂ ದೊರೆಯುತ್ತದೆ. ದೃಶ್ಯವಾದದ್ದು ಆಟ ಮುಗಿದು ದೀಪಗಳು ಆರಿದೊಡನೆ ಇಲ್ಲವಾಗುತ್ತದೆ. ಉಳಿಯುವುದು ಕವಿಯ ಮಾತು ಮಾತ್ರ. ಆ ಮಾತನ್ನು ಆಡಿದವರು ಯಾರು, ಯಾವ ದಿನ ಆಡಿದರು, ನೋಡಿದವರಿಗೆ ಏನೆನ್ನಿಸಿತು ಎಂಬ ಪ್ರಶ್ನೆಗಳಿಗೆ ಗ್ರಂಥಪಾಠದಲ್ಲಿ ಉತ್ತರವಿಲ್ಲ. ಭರತಮುನಿಯು ಈ ಕೊರತೆಯನ್ನು ಮನಗಂಡಿದ್ದನೆಂದು ತೋರುತ್ತದೆ. ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಗಳನ್ನೂ ಘಾತಗಳನ್ನೂ ವಿವರಿಸುತ್ತ, ಅವುಗಳನ್ನು ನಿರ್ಣಯಿಸುವ ಪ್ರಾಶ್ನಿಕರಿಗೆ ಲೇಖಕರೂ ಗಣಕರೂ ಸಹಾಯಕರಾಗಿರಬೇಕೆಂದು ಹೇಳಿದೆ. ಆದರೆ ಅಂತಹ ಲೇಖಕರು ಬರೆದಿಟ್ಟ ಪಟ್ಟಿಗಳು ನಮ್ಮ ಕಾಲದವರೆಗೆ ಬಂದಿಲ್ಲ. ಶಾಕುಂತಲವನ್ನು ಮೊದಲ ದಿನ ನೋಡಿದವನು ಮೆಚ್ಚಿ ಎದ್ದನೋ ತೂಕಡಿಸಿ ಎದ್ದನೋ ತಿಳಿಯುವ ಮಾರ್ಗವಿಲ್ಲ.

ಈ ವಿಷಯದಲ್ಲಿ ಇಂಗ್ಲೆಂಡಿನ ರಂಗಭೂಮಿಯ ಚರಿತ್ರೆಯು ಹೆಚ್ಚು ಪುಣ್ಯಶಾಲಿಯಾದದ್ದು. ಅಲ್ಲಿ ಮೂರು ಬಗೆಯ ಲೇಖಗಳು ಉಳಿದಿವೆ. ಮೊದಲನೆಯದು ನಾಟಕಶಾಲೆಯ ಯಜಮಾನನ ಲೆಕ್ಕದ ಪುಸ್ತಕ. ಲಂಡನ್ನಿನ ರೋಸ್ ನಾಟಕಶಾಲೆಯ ಒಡೆಯನಾದ ಫಿಲಿಪ್ ಹೆನ್ಸ್ಲೊ ಎಂಬವನು ೧೫೯೨ರಿಂದ ೧೫೯೭ರ ವರೆಗೆ ಯಾವ ದಿನ ಯಾವ ನಾಟಕವಾಯಿತು, ತನ್ನ ಪಾಲಿಗೆ ಎಷ್ಟು ಹಣ ಬಂತು ಎಂಬುದನ್ನು ಗುರುತುಹಾಕಿದ್ದಾನೆ. ಆ ಪುಸ್ತಕ ಡಲ್ವಿಚ್ ಕಾಲೇಜಿನಲ್ಲಿದೆ. ಮಾತೆಲ್ಲ ನಷ್ಟವಾಗಿ ಹೆಸರು ಮಾತ್ರ ಉಳಿದಿರುವ ಹಲವು ನಾಟಕಗಳು ಇದ್ದುವೆಂಬುದಕ್ಕೆ ಅದೊಂದೇ ಸಾಕ್ಷಿ. ಆದರೆ ನಾಟಕ ಚೆನ್ನಾಗಿತ್ತೇ ಎಂದು ಹೆನ್ಸ್ಲೊ ಒಂದು ಕಡೆಯೂ ಹೇಳುವುದಿಲ್ಲ. ಪೆಟ್ಟಿಗೆ ತುಂಬಿತೇ ಎಂಬುದಷ್ಟೇ ಅವನ ವಿಚಾರ.

ಎರಡನೆಯದು ಸೈಮನ್ ಫೋರ್ಮನ್ ಎಂಬ ಜ್ಯೋತಿಷಿಯ ಟಿಪ್ಪಣಿ. ಇವನು ವೈದ್ಯವನ್ನೂ ನಡೆಸುತ್ತಿದ್ದನು. ೧೬೧೧ರಲ್ಲಿ, ಎಂದರೆ ತಾನು ಸತ್ತ ವರ್ಷದಲ್ಲಿ, ಇವನು ನೋಡಿದ ನಾಲ್ಕು ನಾಟಕಗಳ ಕಥೆಯನ್ನು ಬರೆದಿಟ್ಟನು. ಅವುಗಳಲ್ಲಿ ಮೂರು ಷೇಕ್ಸ್‌ಪಿಯರನವು: ಮ್ಯಾಕ್‌ಬೆತ್, ಸಿಂಬೆಲೀನ್ ಮತ್ತು ವಿಂಟರ್ಸ್ ಟೇಲ್. ನಾಟಕದಿಂದ ಲೋಕವ್ಯವಹಾರಕ್ಕೆ ಏನು ನೀತಿ ದೊರೆಯುತ್ತದೆಂಬುದರ ಮೇಲೆ ಫೋರ್ಮನನ ಕಣ್ಣು. ಮೇ ೧೫ರಂದು ವಿಂಟರ್ಸ್ ಟೇಲನ್ನು ಕಂಡುಬಂದು, ಭಿಕ್ಷುಕರ ವೇಷದ ಕಳ್ಳರನ್ನು ನಂಬಬಾರದೆಂದು ತನಗೆ ತಾನೇ ಬುದ್ಧಿ ಹೇಳಿಕೊಂಡಿದ್ದಾನೆ. ಆದರೆ ಕಡೆಯ ಅಂಕದಲ್ಲಿ ರಾಣಿಯ ಪ್ರತಿಮೆ ಜೀವತಳೆದು ಇಳಿದುಬರುವ ಪ್ರಸಂಗದ ಸೊಲ್ಲೇ ಅವನ ಟಿಪ್ಪಣಿಯಲ್ಲಿಲ್ಲ. ಅಂದು ಆ ದೃಶ್ಯವಿರಲಿಲ್ಲವೆಂದು ಕೆಲವರು ಊಹಿಸಿದ್ದುಂಟು. ಅವನ ಮನಸ್ಸು ಅದನ್ನು ಹಿಡಿಯಲಿಲ್ಲವೆಂದೂ ಹೇಳಬಹುದು. ಬರೆಯದೆ ಬಿಟ್ಟದ್ದೆಲ್ಲ ನಡೆಯದೆ ಹೋದದ್ದಲ್ಲ ಎಂಬ ಎಚ್ಚರಿಕೆ ಇಲ್ಲಿಂದಲೇ ಸಂಶೋಧಕನಿಗೆ ಅಗತ್ಯವಾಗುತ್ತದೆ.

ಮೂರನೆಯ ಬಗೆಯೇ ಪ್ರಕೃತ ವಿಚಾರಣೆಗೆ ಮುಖ್ಯವಾದದ್ದು. ಅದು ಬಿಡದೆ ನಾಟಕ ನೋಡಿದವನೊಬ್ಬನು ಬಿಡದೆ ಬರೆದ ದಿನವಹಿ. ಸ್ಯಾಮ್ಯುಅಲ್ ಪೀಪ್ಸನು ೧೬೩೩ರಲ್ಲಿ ಲಂಡನ್ನಿನ ದರ್ಜಿಯೊಬ್ಬನ ಮಗನಾಗಿ ಹುಟ್ಟಿ ನೌಕಾಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾದವನು. ೧೬೬೦ರ ಜನವರಿ ೧ರಿಂದ ೧೬೬೯ರ ಮೇ ೩೧ರ ವರೆಗೆ ಇವನು ದಿನಚರಿ ಬರೆದನು. ಕಛೇರಿ, ಊಟ, ಸಂಗೀತ, ಸಂಸಾರದ ಜಗಳ ಎಲ್ಲವೂ ಅದರಲ್ಲಿ ಸೇರಿವೆ. ನಡುವೆ ತಾನು ನಾಟಕಶಾಲೆಗೆ ಹೋದದ್ದನ್ನು ೩೦೦ಕ್ಕೂ ಮಿಕ್ಕಿ ಬಾರಿ ದಾಖಲೆಮಾಡಿದ್ದಾನೆ. ಕಾಲವೂ ಅಪೂರ್ವವಾದದ್ದು. ೧೬೪೨ರಲ್ಲಿ ಪಾರ್ಲಿಮೆಂಟು ಮುಚ್ಚಿಸಿದ ನಾಟಕಶಾಲೆಗಳು, ಎರಡನೆಯ ಚಾರ್ಲ್ಸ್ ದೊರೆಯು ೧೬೬೦ರಲ್ಲಿ ಮರಳಿಬಂದಮೇಲೆ ಮತ್ತೆ ತೆರೆದವು. ಥಾಮಸ್ ಕಿಲಿಗ್ರೂ ನಡೆಸಿದ ದೊರೆಯ ಮಂಡಳಿ, ವಿಲಿಯಂ ಡಾವೆನಂಟ್ ನಡೆಸಿದ ಡ್ಯೂಕನ ಮಂಡಳಿ ಎಂಬ ಎರಡಕ್ಕೆ ಮಾತ್ರ ರಾಜನ ಅಪ್ಪಣೆಯಿತ್ತು. ಹದಿನೆಂಟು ವರ್ಷ ಮುರಿದಿದ್ದ ಸಂಪ್ರದಾಯವು ಮತ್ತೆ ಚಿಗುರುವುದನ್ನು ಪೀಪ್ಸನು ಕಣ್ಣಾರೆ ಕಂಡು ಬರೆದನು. ಅವನ ೧೬೬೧ನೆಯ ವರ್ಷವೊಂದನ್ನೇ ತೆಗೆದುಕೊಂಡರೂ ಈ ಬಗೆಯ ಲೇಖದ ಬೆಲೆ ತಿಳಿದುಬರುತ್ತದೆ.

ಆ ವರ್ಷದ ಜನವರಿ ೩ರಂದು ಅವನು ಬೆಗ್ಗರ್ಸ್ ಬುಷ್ ನಾಟಕಕ್ಕೆ ಹೋಗಿ, ರಂಗದ ಮೇಲೆ ಹೆಂಗಸರು ಬಂದುದನ್ನು ತಾನು ಕಂಡದ್ದು ಇದೇ ಮೊದಲೆಂದು ಗುರುತಿಟ್ಟನು. ಇಂಗ್ಲೆಂಡಿನಲ್ಲಿ ಅದುವರೆಗೆ ಹುಡುಗರೇ ಸ್ತ್ರೀವೇಷ ಹಾಕುತ್ತಿದ್ದರು. ನಟಿಯೊಬ್ಬಳು ಅದಕ್ಕೆ ಮುಂಚೆ, ೧೬೬೦ರ ಡಿಸೆಂಬರಿನಲ್ಲಿ, ಡೆಸ್ಡಿಮೋನಳ ಪಾತ್ರ ವಹಿಸಿದಳೆಂದು ವಿದ್ವಾಂಸರ ಅಭಿಪ್ರಾಯ. ಆದ್ದರಿಂದ ಪೀಪ್ಸನ ಮಾತನ್ನು ಮೊದಲ ನಟಿಯ ತಾರೀಖಾಗಿ ಹಿಡಿಯಕೂಡದು. ಒಬ್ಬ ಪ್ರೇಕ್ಷಕನ ಅನುಭವದಲ್ಲಿ ಹಳೆಯ ಪದ್ಧತಿ ಮುರಿದ ದಿನವಾಗಿ ಹಿಡಿಯಬೇಕು. ನಾಲ್ಕು ದಿನ ಕಳೆದು, ಜನವರಿ ೭ರಂದು, ಅವನು ಎಡ್ವರ್ಡ್ ಕಿನಾಸ್ಟನ್ ಎಂಬ ನಟನನ್ನು ಸೈಲೆಂಟ್ ವುಮನ್ ನಾಟಕದಲ್ಲಿ ಕಂಡು, ಸ್ತ್ರೀವೇಷದಲ್ಲಿ ಇಡೀ ಶಾಲೆಯಲ್ಲಿ ಇವನಷ್ಟು ಚೆಲುವೆಯಿಲ್ಲ, ಪುರುಷವೇಷದಲ್ಲಿ ಇವನಷ್ಟು ಚೆಲುವನಿಲ್ಲ ಎಂಬರ್ಥದಲ್ಲಿ ಹೊಗಳಿದ್ದಾನೆ. ಮರುದಿನವೇ ಬೇರೊಂದು ನಾಟಕದಲ್ಲಿ ನಟಿಯರು ಪಾತ್ರದ ಮಾತನ್ನು ಮರೆತು ತಡವರಿಸಿದ್ದರಿಂದ ಆಟ ಕೆಟ್ಟಿತೆಂದು ಬರೆದಿದ್ದಾನೆ. ಫೆಬ್ರವರಿ ೧೨ರಂದಾದರೋ, ಸ್ಕಾರ್ನ್‌ಫುಲ್ ಲೇಡಿಯ ಮುಖ್ಯಪಾತ್ರವನ್ನು ಹೆಂಗಸೇ ವಹಿಸಿದ ಕಾರಣ ನಾಟಕ ಮೊದಲಿಗಿಂತ ಎಷ್ಟೋ ಚೆನ್ನಾಗಿ ಕಂಡಿತೆಂದು ಒಪ್ಪಿಕೊಂಡಿದ್ದಾನೆ. ರಾಜಶಾಸನವನ್ನು ಮಾತ್ರ ಓದಿದವನಿಗೆ ಈ ಪರಿವರ್ತನೆ ಒಂದು ಗೆರೆಯ ಸುದ್ದಿ. ದಿನವಹಿಯನ್ನು ಓದಿದವನಿಗೆ ಹಳೆಯ ಚೆಲುವಿನ ಮೇಲಣ ಮೋಹ, ಹೊಸಬರ ತೊಡರು, ಆಮೇಲಣ ಒಪ್ಪಿಗೆ ಇವೆಲ್ಲ ಆರು ವಾರಗಳೊಳಗೆ ಒಂದೊಂದಾಗಿ ಕಾಣುತ್ತವೆ.

ಶಾಲೆಯ ಒಳಗಿನ ಸಮಾಜವೂ ಇಲ್ಲಿ ಸಿಕ್ಕುತ್ತದೆ. ಜನವರಿ ೧೯ರಂದು ಪೀಪ್ಸನು ಒಂದೂವರೆ ಷಿಲ್ಲಿಂಗಿನ ಜಾಗದಲ್ಲಿ ಕುಳಿತಿದ್ದಾಗ, ತನ್ನ ಕಛೇರಿಯ ನಾಲ್ವರು ಗುಮಾಸ್ತರು ಎರಡೂವರೆ ಷಿಲ್ಲಿಂಗಿನ ಜಾಗದಿಂದ ತನ್ನನ್ನು ನೋಡಿದರೆಂದು ಸಂಕಟಪಟ್ಟನು. ಅದೇ ತಿಂಗಳ ೨೮ರಂದು ಮುಂದೆ ಕುಳಿತಿದ್ದ ಹೆಂಗಸೊಬ್ಬಳು ತಿಳಿಯದೆ ಹಿಂದಕ್ಕೆ ಉಗುಳಿದ್ದು ಇವನ ಮೇಲೆ ಬಿತ್ತು. ಆಕೆ ಚೆಲುವೆಯಾಗಿದ್ದುದರಿಂದ ತನಗೆ ಬೇಸರವಾಗಲಿಲ್ಲವೆಂದು ಬರೆದುಕೊಂಡಿದ್ದಾನೆ. ಜುಲೈ ೨ರಂದು ಡಾವೆನಂಟನ ಹೊಸ ಶಾಲೆಯಲ್ಲಿ ದೊರೆಯು ಬರುವುದನ್ನು ಕಾದು ಕುಳಿತಿರುವಾಗ ಮೇಲಿನ ಹಲಗೆಯೊಂದು ಮುರಿದು, ಹೆಂಗಸರ ಕೊರಳಿಗೂ ಗಂಡಸರ ಕೂದಲಿಗೂ ಧೂಳು ಸುರಿದು ಎಲ್ಲರಿಗೂ ನಗೆಯಾಯಿತು. ಎರಡು ದಿನ ಬಿಟ್ಟು ಕಿಲಿಗ್ರೂವಿನ ಶಾಲೆಗೆ ಹೋದರೆ, ಕಿಕ್ಕಿರಿಯುತ್ತಿದ್ದ ಆ ಜಾಗ ಬರಿದಾಗಿತ್ತು. ಹೊಸ ಶಾಲೆಯ ಬಣ್ಣದ ಪರದೆಗಳು ಜನರನ್ನು ಸೆಳೆದಿದ್ದವೆಂಬುದಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ಸಾಕ್ಷ್ಯ ಬೇಕಿಲ್ಲ. ಯಜಮಾನನ ಲೆಕ್ಕದಲ್ಲಿ ಇದು ಒಂದು ಸಂಖ್ಯೆ. ಪ್ರೇಕ್ಷಕನ ಲೆಕ್ಕದಲ್ಲಿ ಖಾಲಿಯಾದ ಬೆಂಚುಗಳು. ಡಿಸೆಂಬರ್ ೧೬ರಂದು ಹೊಸ ನಾಟಕವೊಂದರ ಮೊದಲ ಪ್ರಯೋಗವೆಂದು ದರವನ್ನು ಎರಡರಷ್ಟು ಮಾಡಿದ್ದರು. ಹಣ ಉಳಿಸುವುದಕ್ಕಾಗಿ ಪೀಪ್ಸನು ಹೆಂಡತಿಯೊಡನೆ ಮೇಲಣ ಗ್ಯಾಲರಿಗೆ ಹತ್ತಿದನು.

ಸಾಹಿತ್ಯದ ಅಧ್ಯಾಪಕರು ಪೀಪ್ಸನನ್ನು ಹೆಸರಿಸುವುದು ಹೆಚ್ಚಾಗಿ ಅವನ ಅರಸಿಕತೆಯನ್ನು ತೋರಿಸುವುದಕ್ಕೆ. ೧೬೬೨ರಲ್ಲಿ ರೋಮಿಯೊ ಅಂಡ್ ಜೂಲಿಯೆಟ್ ನಾಟಕವನ್ನೂ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್ ನಾಟಕವನ್ನೂ ಅವನು ಹಳಿದದ್ದು ಪ್ರಸಿದ್ಧವಾಗಿದೆ. ಆದರೆ ಈ ಆಕ್ಷೇಪಣೆ ಪೂರ್ತಿ ನ್ಯಾಯವಲ್ಲ. ರೋಮಿಯೊ ನಾಟಕದ ದಿನ ನಟರೆಲ್ಲರೂ ಮಾತು ಮರೆತು ತಪ್ಪಿದರೆಂದೂ, ಇನ್ನು ಮೇಲೆ ಮೊದಲ ಪ್ರಯೋಗಕ್ಕೆ ಹೋಗಬಾರದೆಂದೂ ಅವನು ಅಲ್ಲೇ ಕಾರಣ ಕೊಟ್ಟಿದ್ದಾನೆ. ೧೬೬೦ರ ಡಿಸೆಂಬರ್ ೩೧ರಂದು ನಾಲ್ಕನೆಯ ಹೆನ್ರಿ ರುಚಿಸಲಿಲ್ಲ. ಅದಕ್ಕೆ ತನ್ನ ಅತಿಯಾದ ನಿರೀಕ್ಷೆಯೂ ಪುಸ್ತಕವನ್ನು ಕೈಯಲ್ಲಿ ಹಿಡಿದಿದ್ದುದೂ ಕಾರಣವಿರಬಹುದೆಂದು ತನ್ನನ್ನೇ ಪರೀಕ್ಷಿಸಿಕೊಂಡಿದ್ದಾನೆ. ೧೬೬೧ರ ಆಗಸ್ಟ್ ೨೪ರಂದು ಬೆಟರ್ಟನ್ ಹ್ಯಾಮ್ಲೆಟ್ ಪಾತ್ರ ವಹಿಸಿದಾಗಲಾದರೋ ಅವನ ಮೆಚ್ಚಿಕೆಗೆ ಎಣೆಯಿಲ್ಲ. ಮುಂದೆ ಅವನು ಮತ್ತೆ ಮತ್ತೆ ನೋಡಿ ಆನಂದಿಸಿದ ಮ್ಯಾಕ್‌ಬೆತ್, ಡಾವೆನಂಟನು ಹಾಡುಕುಣಿತಗಳನ್ನು ಸೇರಿಸಿ ತಿದ್ದಿದ್ದು. ಎಂದರೆ ಪೀಪ್ಸನ ತೀರ್ಪು ಗ್ರಂಥದ ಮೇಲಲ್ಲ, ಅಂದಿನ ಪ್ರಯೋಗದ ಮೇಲೆ. ಪ್ರಯೋಗವೇ ಕಣ್ಮರೆಯಾಗಿರುವಾಗ ಆ ತೀರ್ಪನ್ನು ಗ್ರಂಥಕ್ಕೆ ಹಚ್ಚಿ ನಗುವುದು ವಿಮರ್ಶೆಯಾಗದು.

ದಿನವಹಿಯು ಬರೆದವನ ಮೇಲೂ ಕೆಲಸಮಾಡಿತು. ಆ ವರ್ಷದ ಬೇಸಗೆಯಿಂದ ಅವನು ನಾಟಕದ ವ್ಯಾಮೋಹದಲ್ಲಿ ಕಛೇರಿಯ ಕೆಲಸ ಹಿಂದೆಬಿದ್ದಿತೆಂದು ಕೊರಗತೊಡಗಿದನು. ಸೆಪ್ಟೆಂಬರ್ ೧೧ರಂದು ಟ್ವೆಲ್ಫ್ತ್ ನೈಟ್ ನಾಟಕಕ್ಕೆ ತನ್ನ ನಿಶ್ಚಯವನ್ನು ಮೀರಿ ಒಳಹೊಕ್ಕು, ಆ ಭಾರದಿಂದಲೇ ಸುಖಪಡದೆ ಹೊರಬಂದನು. ಡಿಸೆಂಬರ್ ೩೧ರಂದು ವರ್ಷದ ಲೆಕ್ಕ ನೋಡಿಕೊಳ್ಳುವಾಗ ನಾಟಕವನ್ನೂ ಮದ್ಯವನ್ನೂ ಬಿಡುವುದಾಗಿ ಪ್ರತಿಜ್ಞೆ ಮಾಡಿರುವುದನ್ನು ಬರೆದನು. ಪ್ರತಿಜ್ಞೆಗಳನ್ನು ಲಿಖಿತವಾಗಿಟ್ಟುಕೊಂಡು ಆಗಾಗ ಓದುವುದು, ತಪ್ಪಿದರೆ ಬಡವರ ಹುಂಡಿಗೆ ದಂಡ ಹಾಕುವುದು, ಅವಧಿ ತೀರಿದೊಡನೆ ಮತ್ತೆ ನಾಟಕಕ್ಕೆ ಓಡುವುದು, ಹೀಗೆ ಮುಂದಿನ ವರ್ಷಗಳು ನಡೆದವು. ನೋಡಿದ ಆಟಗಳನ್ನು ಎಣಿಸತೊಡಗಿದವನು ಕಳೆದ ಹೊತ್ತನ್ನೂ ಹಣವನ್ನೂ ಎಣಿಸದೆ ಇರಲಾರನು. ಆದರೆ ಎಣಿಕೆಯಿಂದ ಪ್ರೀತಿ ಕಡಿಮೆಯಾಗಲಿಲ್ಲ. ಪ್ಲೇಗು ಬಂದು ಶಾಲೆಗಳು ಮುಚ್ಚಿದ್ದಾಗ, ೧೬೬೬ರ ಮಾರ್ಚ್ ೧೯ರಂದು, ಅವನು ದುರಸ್ತಿಯಲ್ಲಿದ್ದ ದೊರೆಯ ಶಾಲೆಯನ್ನು ಹೊಕ್ಕು ನೇಪಥ್ಯವನ್ನೆಲ್ಲ ನೋಡಿಬಂದನು. ಮರದ ಕಾಲು, ಕಿರೀಟ, ಹಳೆಯ ಬಟ್ಟೆಗಳ ರಾಶಿಯನ್ನು ಕಂಡು ನಕ್ಕನು; ದೀಪದ ಬೆಳಕಿನಲ್ಲಿ ಅಷ್ಟು ವೈಭವದಿಂದ ತೋರುವ ವಸ್ತುಗಳು ಹತ್ತಿರದಿಂದ ಎಷ್ಟು ಬಡವಾಗಿವೆಯೆಂದು ಯೋಚಿಸಿದನು. ಆಟವಿಲ್ಲದ ಕಾಲದಲ್ಲಿಯೂ ಬರೆಯುವುದಕ್ಕೆ ಆಟದ ವಿಷಯವೇ ಬೇಕಾಯಿತು.

೧೬೬೯ರಲ್ಲಿ ಕಣ್ಣು ಕುರುಡಾಗುವುದೆಂಬ ಭಯದಿಂದ ಪೀಪ್ಸನು ದಿನಚರಿಯನ್ನು ನಿಲ್ಲಿಸಿದನು. ಕುರುಡಾಗಲಿಲ್ಲ, ೧೭೦೩ರ ವರೆಗೆ ಬದುಕಿದನು. ಆದರೆ ಮತ್ತೆ ಆ ಬಗೆಯಲ್ಲಿ ಬರೆಯಲಿಲ್ಲ. ಬರೆದದ್ದು ಥಾಮಸ್ ಷೆಲ್ಟನ್ ಕಲ್ಪಿಸಿದ ಶೀಘ್ರಲಿಪಿಯಲ್ಲಿತ್ತು. ಆರು ಸಂಪುಟಗಳೂ ಅವನ ಸುಮಾರು ೩೦೦೦ ಪುಸ್ತಕಗಳ ಭಂಡಾರದೊಡನೆ ೧೭೨೪ರಲ್ಲಿ ಕೇಂಬ್ರಿಜ್ಜಿನ ಮ್ಯಾಗ್ಡಲೀನ್ ಕಾಲೇಜನ್ನು ಸೇರಿ, ಓದುವವರಿಲ್ಲದೆ ಬಿದ್ದಿದ್ದವು. ೧೮೧೯ರಲ್ಲಿ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿ ಕುಳಿತು ಮೂರು ವರ್ಷ ಶ್ರಮಪಟ್ಟು ಲಿಪಿಯನ್ನು ಒಡೆದನು. ಷೆಲ್ಟನನ ಲಿಪಿಪುಸ್ತಕ ಅದೇ ಭಂಡಾರದಲ್ಲಿದ್ದುದು ಅವನಿಗೆ ತಿಳಿದಿರಲಿಲ್ಲ. ೧೮೨೫ರಲ್ಲಿ ಲಾರ್ಡ್ ಬ್ರೇಬ್ರೂಕ್ ಆಯ್ದ ಭಾಗಗಳನ್ನು ಅಚ್ಚುಮಾಡಿಸಿದನು. ಸಮಗ್ರಪಾಠ ಹೊರಬಂದದ್ದು ೧೯೭೦ರಿಂದ ೧೯೮೩ರ ವರೆಗಿನ ಅವಧಿಯಲ್ಲಿ.

ಚಲಚ್ಚಿತ್ರ ಬಂದಮೇಲೆ ದೃಶ್ಯವೂ ಸುರುಳಿಯಲ್ಲಿ ಸ್ಥಿರವಾಯಿತೆಂದೂ, ಇನ್ನು ಪ್ರೇಕ್ಷಕನ ಲೇಖದಿಂದ ಪ್ರಯೋಜನವಿಲ್ಲವೆಂದೂ ತೋರಬಹುದು. ಹಾಗಾಗಲಿಲ್ಲ. ಮೊದಲ ಕಾಲದ ನೈಟ್ರೇಟ್ ಸುರುಳಿಗಳು ಬೆಂಕಿಗೆ ಸುಲಭವಾಗಿ ತುತ್ತಾಗುವಂಥವು. ಇಟ್ಟಲ್ಲಿಯೇ ಕೆಟ್ಟು ಪುಡಿಯಾಗುವಂಥವು. ಅವುಗಳಲ್ಲಿನ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ೧೯೩೧ರಲ್ಲಿ ಮುಂಬಯಿಯಲ್ಲಿ ತೆರೆಕಂಡ ಆಲಂ ಆರಾ ಹಿಂದೂಸ್ಥಾನದ ಮೊದಲ ವಾಕ್‌ಚಿತ್ರ. ೧೯೩೪ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ಸತೀ ಸುಲೋಚನ ಕನ್ನಡದ ಮೊದಲ ವಾಕ್‌ಚಿತ್ರ. ಎರಡರ ಪ್ರತಿಯೂ ಇಂದು ಉಪಲಬ್ಧವಿಲ್ಲ. ಕನ್ನಡದ ಮಾತು ತೆರೆಯಿಂದ ಮೊದಲು ಕಿವಿಗೆ ಬಿದ್ದಾಗ ಹಿಂದಿನ ಬೆಂಚಿನವನು ಬೆರಗಾದನೇ, ನಕ್ಕನೇ, ಮಾತು ತಿಳಿಯಿತೇ ಎಂಬುದು ಸಂಸ್ಕೃತ ನಾಟಕದ ಪ್ರೇಕ್ಷಕನ ವಿಷಯದಷ್ಟೇ ದೂರವಾಗಿದೆ. ನಡುವಿನ ಅಂತರ ಒಂದು ಶತಮಾನವೂ ಅಲ್ಲ.

ಆದುದರಿಂದ ವರ್ಷವಿಡೀ ತಾನು ನೋಡಿದ ಚಿತ್ರಗಳನ್ನು ಒಬ್ಬ ಸಾಮಾನ್ಯ ಪ್ರೇಕ್ಷಕನು ದಿನದಿನಕ್ಕೆ ಬರೆದಿಡುವುದನ್ನು ಹವ್ಯಾಸವೆಂದು ಕಡೆಗಣಿಸಲಾಗದು. ಪೀಪ್ಸನ ದಿನವಹಿಯಿಂದ ತಿಳಿಯುವಂತೆ, ಅಂತಹ ಲೇಖದಲ್ಲಿ ಬಹುಕಾಲ ಬಾಳುವ ಅಂಶ ಗುಣದೋಷಗಳ ತೀರ್ಪಲ್ಲ. ತಾರೀಖು, ಜಾಗ, ಕೊಟ್ಟ ಹಣ, ಜತೆಗೆ ಬಂದವರು, ನಟರು ತಡವರಿಸಿದ್ದು, ಶಾಲೆ ತುಂಬಿದ್ದು ಅಥವಾ ಖಾಲಿಯಿದ್ದುದು. ತೀರ್ಪನ್ನು ಮುಂದಿನವರು ತಿದ್ದಿಕೊಳ್ಳಬಲ್ಲರು; ಖಾಲಿ ಬೆಂಚನ್ನು ಅವರು ಊಹಿಸಲಾರರು. ಭರತನು ಪ್ರಾಶ್ನಿಕರ ಬಳಿ ಕೂರಿಸಿದ ಲೇಖಕರ ಪಟ್ಟಿಗಳು ಹೋದವು. ನೌಕಾಇಲಾಖೆಯ ಅಧಿಕಾರಿಯೊಬ್ಬನು ಯಾರ ಅಪ್ಪಣೆಯೂ ಇಲ್ಲದೆ, ಯಾರಿಗೂ ತೋರಿಸದೆ ಬರೆದದ್ದು ಉಳಿಯಿತು.